ಅತ್ತೆಯ ಮೊಣಕಾಲು, ನನ್ನ ಟೈರು

ಹಳೇ ಪಿಕಪ್ ಟ್ರಕ್ ಇಟ್ಟುಕೊಂಡವನಿಗೆ ಮನರಂಜನೆಗೆ ಬೇರೆ ಏರ್ಪಾಡು ಬೇಕಿಲ್ಲ, ನೋಡಿದವರೆಲ್ಲ ತಾವಾಗಿಯೇ ಒದಗಿಸುತ್ತಾರೆ. ಸೊರೆಂಟೊ ವ್ಯಾಲಿಯಲ್ಲಿ ಚಿಪ್ ಡಿಸೈನ್ ಮಾಡಿಕೊಂಡು ತೆಪ್ಪಗಿದ್ದ ನಾನು, ಮರುಭೂಮಿಯ ಮರಳಲ್ಲಿ ಗಾಡಿ ಓಡಿಸುವ ಹುಚ್ಚು ಹತ್ತಿ ಇಂಥದ್ದೊಂದನ್ನು ಕೊಂಡೆ. ಅದಕ್ಕೆ ದೊಡ್ಡ ಆಫ್-ರೋಡ್ ಟೈರ್ ಹಾಕಿಸುತ್ತೇನೆ ಅಂದಾಗ ಹೆಂಡತಿ ಒಂದೇ ಷರತ್ತು ಹಾಕಿದಳು. ಅವಳ ಅಮ್ಮ, ಅಂದರೆ ನಮ್ಮತ್ತೆ, ಬೆಂಗಳೂರಿನಿಂದ ಬಂದು ನಮ್ಮಲ್ಲೇ ಇದ್ದರು. ಅವರಿಗೆ ಮೊಣಕಾಲು ನೋವು.

"ಅಮ್ಮನ ಕೈಲಿ ಹತ್ತಿ ಇಳಿಯೋಕಾಗದ ಗಾಡಿ ಈ ಮನೇಲಿ ಇರಕೂಡದು. ಮಾರಿಬಿಡೋದೇ!"

ಹೆಂಡತಿ ಆಡಿದ ಮಾತಿಗೆ ತಪ್ಪುವವಳಲ್ಲ.

ಅಳತೆ

ಟೈರು ದೊಡ್ಡದಾದಷ್ಟೂ ಗಾಡಿ ನೆಲದಿಂದ ಮೇಲೇರುತ್ತದೆ. ಹಾಗಾಗಿ ಸೈಜ್ ಆರಿಸುವ ಮೊದಲು ಅತ್ತೆ ಎಷ್ಟು ಎತ್ತರಕ್ಕೆ ಕಾಲಿಡಬಲ್ಲರು ಅಂತ ಗೊತ್ತಾಗಬೇಕಲ್ಲ. ಸೋಫಾದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ನಾನು ಟೇಪ್ ಹಿಡಿದು ಅವರ ಪಾದದ ಹತ್ತಿರ ಮಂಡಿಯೂರಿ ಬಗ್ಗಿದೆ. ಅವರು ಹುರುಳಿಕಾಯಿ ಪಕ್ಕಕ್ಕಿಟ್ಟು, ನನ್ನ ತಲೆ ಮೇಲೆ ಕೈಯಿಟ್ಟು, "ನೂರು ಕಾಲ ಬಾಳಿ" ಅಂತ ಹರಸಿದರು. ಆಮೇಲೆ ಟೇಪ್ ಕಣ್ಣಿಗೆ ಬಿತ್ತು.

"ಇದೇನು ಅಳಿಯಂದ್ರೆ, ಇಲ್ಲಿ ನಮಸ್ಕಾರಕ್ಕೂ ಅಳತೆ ಇದ್ಯಾ?"

ಬರೀ ಎಡಕ್ಕೆ

ಲಾಂಗ್ ಬೀಚಿನಲ್ಲಿರುವ ಗೆಳೆಯನೊಬ್ಬ ತನ್ನ ಹಳೇ ಟ್ರಕ್ಕಿಗೆ ಅಂಗಡಿಯಲ್ಲಿದ್ದ ಅತಿ ದೊಡ್ಡ ಟೈರನ್ನೇ ಹಾಕಿಸಿದ್ದ. ಸಲಹೆ ಕೇಳೋಣ ಅಂತ ಫೋನ್ ಮಾಡಿದೆ.

"ದೊಡ್ಡದೇ ಹಾಕ್ಸು ಗುರು, ಗಾಡಿ ಏನ್ ಕಾಣುತ್ತೆ ಅಂತೀಯ! ಬಲಕ್ಕೆ ಜಾಸ್ತಿ ತಿರುಗಿಸಿದ್ರೆ ಟೈರು ಒಳಗಡೆ ಉಜ್ಜುತ್ತೆ, ಅಷ್ಟೇ."

"ಮತ್ತೆ ಬಲಕ್ಕೆ ಹೋಗಬೇಕಾದ್ರೆ?"

"ಮೂರು ಸಲ ಎಡಕ್ಕೆ ತಿರುಗಿದ್ರೆ ಬಲಕ್ಕೆ ತಿರುಗಿದ ಹಾಗೇ ಅಲ್ವೇನೋ? ಎಂಜಿನಿಯರಿಂಗ್ ಏನ್ ಓದಿದ್ದೀಯ?"

ನಾನು ಒಂದು ಸೈಜ್ ಕಮ್ಮಿಯದನ್ನೇ ಆರಿಸಿಕೊಂಡೆ.

ಕೊಸರು

ಟೈರ್ ಅಂಗಡಿಗೆ ಅತ್ತೆಯೂ ಬಂದರು. ವ್ಯಾಪಾರ ಅಂದರೆ ಅವರಿಗೆ ಮೊಣಕಾಲು ನೋವು ಮರೆತುಹೋಗುತ್ತದೆ.

"ನಾಲ್ಕು ತಗೊಂಡಿದ್ದೀವಿ. ಕೊಸರು ಏನು ಕೊಡ್ತಾನೆ ಕೇಳಿ."

"ಅತ್ತೆ, ಇದು ಸೊಪ್ಪಿನ ಅಂಗಡಿ ಅಲ್ಲ."

"ಕೇಳೋಕೇನು ಕಾಸು ಕೊಡಬೇಕಾ?"

ನಾನು ಮುಜುಗರದಿಂದ ಗೋಡೆ ನೋಡುತ್ತ ನಿಂತೆ. ಅವರೇ ಹೋಗಿ, ಯಾರದೋ ಟ್ರಕ್ಕಿನಿಂದ ಬಿಚ್ಚಿ ಮೂಲೆಗೆ ಒರಗಿಸಿದ್ದ ಕಾಲಿಡುವ ಮೆಟ್ಟಿಲನ್ನು ಬೆರಳಿಟ್ಟು ತೋರಿಸಿ, ತಮ್ಮ ಮೊಣಕಾಲು ತಟ್ಟಿಕೊಂಡರು. ಅಂಗಡಿಯವನು ನಕ್ಕು, ಸರಿಹೊಂದುತ್ತದೋ ಇಲ್ಲವೋ ನೋಡಿ, ಅದನ್ನೂ ಕೂರಿಸಿಬಿಟ್ಟ. ನಾನು ಬೆರಗಾಗಿ ನಿಂತರೆ ಅತ್ತೆಯ ಮುಖ ಸಪ್ಪಗಿತ್ತು.

"ಇಷ್ಟು ಬೇಗ ಒಪ್ಕೊಂಡ್ನಲ್ಲ! ಇನ್ನೂ ಏನಾದ್ರೂ ಕೇಳಬೇಕಿತ್ತು."

ನಿಂಬೆಹಣ್ಣು

ಹೊಸ ಟೈರು ಪೂಜೆಯಿಲ್ಲದೆ ರಸ್ತೆಗಿಳಿಯುವುದುಂಟೆ? ಅತ್ತೆ ಚೀಲದಿಂದ ನಾಲ್ಕು ನಿಂಬೆಹಣ್ಣು ತೆಗೆದು ನಾಲ್ಕೂ ಚಕ್ರದ ಕೆಳಗೆ ಇರಿಸಿದರು. ನಾನು ಗಾಡಿ ಮುಂದೆ ಬಿಟ್ಟೆ, ಪಚಕ್ ಅಂದವು. ಅಂಗಡಿಯವನು ಬಂದು, ಇದೇನು ಟೈರ್ ಟೆಸ್ಟಾ ಅಂತ ಕೇಳಿದ. ಇನ್ನೇನು ವಿವರಿಸುವುದು, ಹೌದು, ಪಾಸಾಯಿತು ಅಂದೆ. ನಮ್ಮ ಹಿಂದೆ ನಿಂತಿದ್ದ ಗಿರಾಕಿ ಎಲ್ಲವನ್ನೂ ನೋಡುತ್ತಿದ್ದ. ನಾವು ಹೊರಡುವಾಗ ಅವನು ಅಂಗಡಿಯವನನ್ನು ದಬಾಯಿಸುತ್ತಿದ್ದ.

"ನನ್ನ ಟೈರಿಗೆ ಯಾಕೆ ಈ ಟೆಸ್ಟ್ ಮಾಡಲಿಲ್ಲ?"

ತೀರ್ಪು

ಭಾನುವಾರ ದೇವಸ್ಥಾನಕ್ಕೆ ಹೊರಡುವ ಹೊತ್ತು. ಹೆಂಡತಿ ಕೈಕಟ್ಟಿಕೊಂಡು ಡ್ರೈವ್‌ವೇಯಲ್ಲಿ ನಿಂತಳು. ನಾನು ಮನಸ್ಸಿನಲ್ಲೇ ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತೆ. ಅತ್ತೆ ಸೆರಗು ಸಿಕ್ಕಿಸಿ, ಕೊಸರಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು. ಹಾಗೇ ಇಳಿದರು. ಖುಷಿಗೆ ಇನ್ನೊಂದು ಸಲ ಹತ್ತಿದರು.

"ಸರಿ, ಇರ್ಲಿ ನಿಮ್ಮ ಗಾಡಿ" ಅಂದಳು ಹೆಂಡತಿ.

ನಾನು ಉಸಿರು ಬಿಡುವಷ್ಟರಲ್ಲಿ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು. ಪಕ್ಕದಲ್ಲಿ ಹೆಂಡತಿಯ ಹೊಸ ಎಲೆಕ್ಟ್ರಿಕ್ ಕಾರು ಥಳಥಳ ಹೊಳೆಯುತ್ತಿತ್ತು.

"ಇದ್ರಲ್ಲಿ ಕುರ್ಚಿ ಮೇಲೆ ಕೂತ ಹಾಗಿದೆ ಕಣೆ. ನಿನ್ನ ಕಾರಲ್ಲಿ ಮಣೆ ಮೇಲೆ ಕೂತ ಹಾಗೆ, ನೀವಿಬ್ಬರೂ ಹಿಡಿದು ಎಳೀದೆ ನಾನು ಎದ್ದಿದ್ದೇ ಇಲ್ಲ. ಅದನ್ನ ಯಾವಾಗ ಮಾರ್ತೀಯ?"