ಸಿಪ್ರಿಯನ್ ಮಾಸ್ಟ್ರ ಅಭಿಪ್ರಾಯವಿಜಯ

ಸಕಲ ಯುಗಗಳಲ್ಲಿ ಅತ್ಯಂತ ವಾಚಾಳಿಯಾದ ಕಲಿಯುಗವೇ, ನಿನಗೆ ನಮಸ್ಕಾರ! ಕೃತಯುಗದ ಜನ ತಪಸ್ಸು ಮಾಡಿದರು, ತ್ರೇತೆಯವರು ಯಜ್ಞ ಮಾಡಿದರು, ದ್ವಾಪರದವರು ಯುದ್ಧ ಮಾಡಿದರು. ನಿನ್ನ ಪಾಲಿಗೆ ಬಂದ ನರರು ಅಭಿಪ್ರಾಯ ಹೇಳುತ್ತಾರೆ. ಓದಿ ಹೇಳುವವರು ವಿರಳ, ಓದದೆ ಹೇಳುವವರು ಹೇರಳ. ಓದಿದ್ದೇವೆಂದು ನಂಬಿಸಿ ಹೇಳುವವರನ್ನು ಎಣಿಸಲು ಆದಿಶೇಷನ ಸಾವಿರ ನಾಲಗೆಯೂ ಸಾಲದು. ಎಲೈ ವಾಗ್ದೇವಿಯೇ, ವೀಣೆಯನ್ನು ಗಳಿಗೆಯ ಮಟ್ಟಿಗೆ ಬದಿಗಿಟ್ಟು ಈ ಬಡ ಕಥಕನ ನಾಲಗೆಗೆ ಬಾ. ಕಿನ್ನಿಗೋಳಿ ಪೇಟೆಯ ಒಂದು ಮನೆಯ ಚಾವಡಿಯಲ್ಲಿ, ಡಿಸೆಂಬರ್ ತಿಂಗಳ ಒಂದು ಶನಿವಾರ ಅಪರಾಹ್ನ, ಚಹದ ಕಪ್ಪುಗಳ ನಡುವೆ ನಡೆದ ಘೋರ ಸಂಗ್ರಾಮವನ್ನು ಹೇಳಿಸು. ಬೇರೆ ಕೆಲಸವಿದ್ದರೆ ಅದನ್ನು ಮುಗಿಸಿಕೊಂಡೇ ಬಾ, ಇದರಲ್ಲಿ ಅಂಥ ಅವಸರವೇನೂ ಇಲ್ಲ.

ನಿವೃತ್ತ-ಗಣಿತಾಧ್ಯಾಪಕ-ಕುಲತಿಲಕರೂ, ಪ್ರಮೇಯ-ಪ್ರಹಾರ-ಪ್ರಚಂಡರೂ, ಪತ್ತೇದಾರಿ-ಕಾದಂಬರಿ-ಕಾನನ-ಕಂಠೀರವರೂ, ಅರ್ಧ ಪುಸ್ತಕ ಮುಗಿಯುವುದರೊಳಗೆ ಕೊಲೆಗಾರನ ಕುತ್ತಿಗೆ ಪಟ್ಟಿ ಹಿಡಿಯುವವರೆಂದು ತಮ್ಮ ಬಗ್ಗೆ ತಾವೇ ಸಾರಿಕೊಂಡವರೂ ಆದ ಸಿಪ್ರಿಯನ್ ಲೋಬೊ ಮಾಸ್ಟ್ರು ಈ ಗಾಥೆಯ ನಾಯಕರು. ಅವರ ಪರಾಕ್ರಮಕ್ಕೆ ಈಗ ಉಳಿದಿದ್ದ ರಾಜ್ಯ ಒಂದೇ, ಸಂಜೆಮಲ್ಲಿಗೆ ಓದುಗರ ಬಳಗ. ಮನೆಯಲ್ಲಿ ಅವರು ಬರೀ ಪಪ್ಪ; ಫ್ಯಾನ್ ಆರಿಸಲು ಮರೆಯುವ, ಟಿವಿಯ ಶಬ್ದ ಜಾಸ್ತಿ ಮಾಡುವ ಪಪ್ಪ. ವಾರಕ್ಕೊಂದು ಮಧ್ಯಾಹ್ನ, ಬಳಗ ಸೇರುವ ಹಿಲ್ಡಾಬಾಯಿಯ ಚಾವಡಿಯಲ್ಲಿ ಮಾತ್ರ ಅವರನ್ನು ಯಾರಾದರೂ 'ಮಾಸ್ಟ್ರೆ' ಎಂದು ಕರೆದು, ಉತ್ತರಕ್ಕಾಗಿ ಕಾಯುತ್ತಿದ್ದರು. ಆ ಒಂದು ಕರೆಗಾಗಿ ಅವರು ವಾರವಿಡೀ ಬದುಕುತ್ತಿದ್ದರು ಎಂದರೆ ಅದು ಅಲಂಕಾರವಲ್ಲ, ನಿಜ.

ಬಳಗದ ಪದ್ಧತಿ ಹೀಗಿತ್ತು. ತಿಂಗಳಿಗೊಂದೇ ಪುಸ್ತಕ, ಅದರದೂ ಒಂದೇ ಪ್ರತಿ. ಮೊದಲು ಅದು ಆತಿಥ್ಯ ವಹಿಸುವ ಹಿಲ್ಡಾಬಾಯಿಯ ಮನೆಗೆ, ಅಲ್ಲಿಂದ ಬಳಗದ ಸಂಚಾಲಕರಾದ ದಾಮೋದರ ಶೆಟ್ಟಿಗಾರರಿಗೆ, ಅನಂತರ ಅಂಚೆಕಚೇರಿಯಿಂದ ನಿವೃತ್ತರಾದ ಜಲಜಾಕ್ಷಿಯವರಿಗೆ, ಕಟ್ಟಕಡೆಗೆ ಮಾಸ್ಟ್ರಿಗೆ; ಎಲ್ಲರ ಕೈ ದಾಟಿದ ಮೇಲಿನ ಶನಿವಾರ ಚರ್ಚೆ, ಉಳಿದ ಶನಿವಾರ ಬರೀ ಹರಟೆ. ಬಳಗದ ಶಾಸನವೂ ಒಂದೇ: ಪುಸ್ತಕ ಮುಗಿಸದವರು ಬಾಯಿ ಬಿಡುವಂತಿಲ್ಲ, ಎಲ್ಲರ ಕಪ್ಪು ತೊಳೆಯಬೇಕು, ಮುಗಿಸದೆಯೂ ಬಾಯಿ ಬಿಟ್ಟವರು ಬಳಗದಿಂದಲೇ ಹೊರಗೆ. ಈ ಶಾಸನವನ್ನು ಬರೆದವರು ಸ್ವತಃ ಮಾಸ್ಟ್ರು. ತಾನು ತೋಡಿದ ಹೊಂಡಕ್ಕೆ ತಾನೇ ಬೀಳುವುದು ನಮ್ಮ ಪುರಾಣಗಳಲ್ಲೂ ಉಂಟು, ಪೇಟೆಯಲ್ಲೂ ಉಂಟು.

ಆ ತಿಂಗಳ ಗ್ರಂಥ 'ಗೋದಲಿಯ ಹಿಂದಿನ ಹೆಣ'. ಕ್ರಿಸ್ಮಸ್ಸಿನ ಹಿಂದಿನ ದಿನ. ಮನೆಯವರೆಲ್ಲ ಪ್ರಾರ್ಥನೆಗೆಂದು ಇಗರ್ಜಿಗೆ ಹೋಗಿ ಬರುವಷ್ಟರಲ್ಲಿ ಮನೆಯ ಯಜಮಾನ, ಬಾಲಯೇಸುವಿಗಾಗಿ ಕಟ್ಟಿದ ಗೋದಲಿಯ ಹಿಂದೆ ದ್ರಾಕ್ಷಾರಸದ ಲೋಟ ಹಿಡಿದೇ ಸತ್ತು ಬಿದ್ದಿದ್ದಾನೆ. ವಿಷ ಹಾಕಿದ್ದು ಅವನ ಹೆಂಡತಿಯೋ, ಸೊಸೆಯೋ? ಮಾಸ್ಟ್ರು ಊಟ ಬಿಟ್ಟು ಓದಿದರು. ಕೊನೆಗೆ ಇನ್ಸ್‌ಪೆಕ್ಟರು ಎಲ್ಲರನ್ನೂ ಚಾವಡಿಯಲ್ಲಿ ನಿಲ್ಲಿಸಿ, ಬೆರಳೆತ್ತಿ, "ಕೊಂದದ್ದು ಬೇರೆ ಯಾರೂ ಅಲ್ಲ" ಎನ್ನುವಲ್ಲಿಗೆ ಪುಟ ಮುಗಿಯಿತು. ಮಗುಚಿದರೆ ಹಿಂದಿನ ರಟ್ಟು. ನಡುವೆ ಹಾಳೆಗಳನ್ನು ಹರಿದ ಗುರುತು ಮಾತ್ರ ಇತ್ತು.

ಮಾಸ್ಟ್ರ ತಲೆಯೊಳಗೆ ಜಲಜಾಕ್ಷಿಯ ಮುಖ ಮೂಡಿತು. ಇದು ಅವಳದೇ ಕೆಲಸ! ತನ್ನನ್ನು ಸೋಲಿಸಲೆಂದೇ ಹರಿದಿಟ್ಟುಕೊಂಡಿದ್ದಾಳೆ! ಹೋಗಿ ಕೇಳೋಣವೆಂದರೆ, ಕೇಳಿದ ಕ್ಷಣವೇ ತಾನು ಮುಗಿಸಿಲ್ಲವೆಂದು ಒಪ್ಪಿಕೊಂಡಂತೆ. ಸುಮ್ಮನಿದ್ದರೆ ಕಪ್ಪು ತೊಳೆಯಬೇಕು, ಮಾತಾಡಿ ಸಿಕ್ಕಿಬಿದ್ದರೆ ಬಳಗವೇ ಇಲ್ಲ. ಜೀವಮಾನದಲ್ಲಿ ಒಂದು ಲೆಕ್ಕವನ್ನೂ ಅಂದಾಜಿಗೆ ಮಾಡದ ಆ ಮಹಾನುಭಾವರು, ಅಂತ್ಯವನ್ನು ಅಂದಾಜಿನಲ್ಲೇ ಕಟ್ಟಿಕೊಂಡು ಶನಿವಾರ ಛತ್ರಿ ಹಿಡಿದು ರಣರಂಗಕ್ಕೆ ಹೊರಟರು.

ಚಾವಡಿಯಲ್ಲಿ ಕ್ರಿಸ್ಮಸ್ಸಿನ ತಿಂಡಿಗಳಾದ ನೆವ್ರಿ, ಕಿಡಿಯೊ, ಚಕ್ಕುಲಿಗಳ ತಟ್ಟೆ ವ್ಯೂಹಾಕಾರದಲ್ಲಿ ನಿಂತಿತ್ತು. ಶೆಟ್ಟಿಗಾರರು ಸಭೆ ಆರಂಭವಾಯಿತೆಂದು ಘೋಷಿಸಿ ಕಣ್ಣು ಮುಚ್ಚಿದರು. ಮುದ್ರಾ-ಪ್ರಹರಣ-ನಿಪುಣೆಯೂ, ಪರಪತ್ರ-ವಿಳಾಸ-ವಿಶಾರದೆಯೂ, ಸ್ವಸೊಸೆ-ದೋಷ-ಸಹಸ್ರಾಕ್ಷಿಯೂ ಆದ ಜಲಜಾಕ್ಷಿ ಮೊದಲ ಬಾಣ ಹೂಡಿದರು:

"ಎಲವೋ ಸಭಾಸದರಿರಾ! ಆಷಾಢದ ಸಿಡಿಲು ತಪ್ಪೀತು, ನನ್ನ ತೀರ್ಪು ತಪ್ಪದು. ಆ ವಿಷಪಾತ್ರೆ ನೀಡಿದ ಕೈ ಸೊಸೆಯದು! ಇದನ್ನು ಅಲ್ಲಗಳೆಯುವ ಗಂಡೆದೆ ಯಾವನಿಗಿದೆಯೋ ಅವನು ಮುಂದೆ ಬರಲಿ!"

ಮಹಾಕಾವ್ಯದ ಮರ್ಯಾದೆಗಾಗಿ ಹೀಗೆ ಬರೆಯಬೇಕಾಯಿತು. ಅವರ ಬಾಯಿಯಿಂದ ಬಂದದ್ದು ಇಷ್ಟು: "ಸೊಸೆಯೇ ಮಾರಾಯ್ರೆ, ಅದ್ರಲ್ಲಿ ಎಂತ ಡೌಟು? ಮಾವನಿಗೆ ಲೋಟ ತಂದು ಕೊಡುವಾಗ್ಲೇ ನಂಗೆ ಗೊತ್ತಾಯ್ತು. ಈಗಿನ ಸೊಸೆಯಂದಿರು ಸುಮ್ಮನೆ ನೀರಾದ್ರೂ ತಂದು ಕೊಡ್ತಾರಾ?"

ಮಾಸ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇಷ್ಟು ಧೈರ್ಯವಾಗಿ ಹೇಳಬೇಕಾದರೆ ಇವಳು ಅಂತ್ಯ ಓದಿರಲೇಬೇಕು. ಹಾಗೆಂದು ಹಿಂದೆ ಸರಿಯುವಂತಿರಲಿಲ್ಲ. ಮಾಸ್ಟ್ರ ಸೊಸೆ ಪ್ರೆಸಿಲ್ಲಾ ಬಂಗುಡೆ ಸಾರನ್ನು ಊರಿಗೇ ಚೆನ್ನಾಗಿ ಮಾಡುತ್ತಿದ್ದಳು. ಸೊಸೆಯಂದಿರ ಕುಲದ ಮೇಲೆ ಬಂದ ಅಪವಾದವನ್ನು ಕೇಳಿಕೊಂಡು ಕೂತರೆ ಉಂಡ ಅನ್ನಕ್ಕೆ ದ್ರೋಹ. ಅವರು ಎದ್ದು ನಿಂತು ಗರ್ಜಿಸಿದರು: "ಎಲೌ ಅಂಚೆಕುಲಸಂಭೂತೆ! ತ್ರಿಕೋನದ ಮೂರು ಕೋನಗಳ ಮೊತ್ತ ಬದಲಾದೀತು, ಸಿಪ್ರಿಯನ್ನನ ನಿರ್ಣಯ ಬದಲಾಗದು. ಕೊಂದವಳು ಅತ್ತೆ!"

ಅಂದರೆ, "ಎಂತ ಸೊಸೆ ಜಲಜಕ್ಕ! ಸರಿ ಓದಿದ್ದೀರಾ ಇಲ್ವಾ? ಅತ್ತೆಯೇ ಅದು. ಕೊನೆಗೆ ಬರಾಬ್ಬರಿ ಬರೆದಿದ್ದಾರೆ."

"ಕೊನೆಗೆ ಎಂತ ಬರೆದಿದ್ದಾರೆ, ಹೇಳಿ ನೋಡುವ."

ಮಾಸ್ಟ್ರು ತಮ್ಮ ಅಂದಾಜಿನ ಅಂತ್ಯವನ್ನು ಬಿಚ್ಚಿದರು. "ಅತ್ತೆ ಅಳ್ತಾಳೆ. ಜಪಸರ ನೆಲಕ್ಕೆ ಬೀಳ್ತದೆ. ಹೊರಗೆ ನಾಯಿ ಬೊಗಳ್ತದೆ."

"ನಾಯಿಯಾ?" ಜಲಜಾಕ್ಷಿಯವರ ದನಿ ಯಾಕೋ ಸ್ವಲ್ಪ ಅಲುಗಿತು. "ನಾಯಿ ಎಲ್ಲಿಂದ ಬಂತು? ಇಗರ್ಜಿಯ ಗಂಟೆ ಹೊಡೀತದೆ. ಸೊಸೆ ಗಂಟೆ ಕೇಳಿ ಬಿದ್ದು ಬಿಡ್ತಾಳೆ."

"ನಾಯಿ!"

"ಗಂಟೆ!"

ನಾಯಿಗೂ ಗಂಟೆಗೂ ಹತ್ತಿದ ಆ ಯುದ್ಧದಲ್ಲಿ ಚಕ್ಕುಲಿಗಳು ಪುಡಿಯಾದವು, ಒಂದು ಸಾಸರು ವೀರಮರಣವನ್ನಪ್ಪಿತು. ಕೊನೆಗೆ ಇಬ್ಬರೂ ಸಂಚಾಲಕರ ಮೊರೆಹೋದರು. ನಿದ್ರಾ-ಸಮುದ್ರ-ಶಯನರಾದ ಶೆಟ್ಟಿಗಾರರು ಒಂದು ಕಣ್ಣು ತೆರೆದು, "ನಾಯಿ ಬೊಗಳಿದ್ದೂ ಉಂಟು, ಗಂಟೆ ಹೊಡೆದದ್ದೂ ಉಂಟು. ನಾನು ಓದಿದ್ದೇನಲ್ಲ" ಎಂದು ತೀರ್ಪಿತ್ತು ಅದನ್ನೂ ಮುಚ್ಚಿದರು. ಮಾಸ್ಟ್ರು ಬೆಚ್ಚಿಬಿದ್ದರು. ತಾನು ರಾತ್ರಿ ಹಾಸಿಗೆಯಲ್ಲಿ ಹುಟ್ಟಿಸಿದ ನಾಯಿಯನ್ನು ಈ ಮನುಷ್ಯ ಪುಸ್ತಕದಲ್ಲಿ ಓದಿದ್ದು ಹೇಗೆ?

ಆಗ ಹಿಲ್ಡಾಬಾಯಿ ಅಡುಗೆಮನೆಯಿಂದ ಕ್ರಿಸ್ಮಸ್ ಕೇಕ್ ಹೊತ್ತು ಬಂದರು. ತಿಂಗಳ ಮೊದಲೇ ಸುಟ್ಟು, ವಾರವಾರವೂ ರಮ್ಮು ಕುಡಿಸಿ ಸಾಕಿದ ಕೇಕದು. "ಜಗಳ ಸಾಕು, ಬಾಯಿ ಸಿಹಿ ಮಾಡಿ" ಎಂದು ಕೊಯ್ದು ಹಂಚಿದರು. ಕಣ್ಣು ಮುಚ್ಚಿಯೇ ಕೈ ಚಾಚಿದ ಶೆಟ್ಟಿಗಾರರಿಗೆ ಮೊದಲ ತುಂಡು ಸಿಕ್ಕಿತು. ಮಾಸ್ಟ್ರು ತಮ್ಮ ಪಾಲನ್ನು ಎತ್ತಿದರು. ಅದರ ಅಡಿಯಲ್ಲಿ ಕಂದುಬಣ್ಣಕ್ಕೆ ತಿರುಗಿದ ಕಾಗದ ಅಂಟಿತ್ತು. ಕಾಗದದ ಮೇಲೆ ಅಚ್ಚಿನ ಅಕ್ಷರಗಳಿದ್ದವು. ಕನ್ನಡಕ ಸರಿಮಾಡಿಕೊಂಡು ಓದಿದರು: 'ಇನ್ಸ್‌ಪೆಕ್ಟರ ಬೆರಳು ನಿಧಾನವಾಗಿ ಬಾಗಿಲ ಕಡೆಗೆ ತಿರುಗಿತು. ಅಲ್ಲಿ ನಿಂತಿದ್ದವಳು...'

ಅಲ್ಲಿಗೆ ಕೇಕಿನ ತುಂಡು ಮುಗಿದಿತ್ತು.

"ಹಿಲ್ಡಾಬಾಯಿ," ಮಾಸ್ಟ್ರು ಕೇಕಿನ ಅಡಿ ತೋರಿಸಿದರು, "ಇದು ಎಂತದು?"

"ಅಯ್ಯೋ, ಅದಾ? ಪಾತ್ರೆಗೆ ಹಾಸುವ ಕಾಗದ ಮುಗಿದಿತ್ತು ಮಾಸ್ಟ್ರೆ. ಪುಸ್ತಕದ ಕೊನೆಗೆ ಯಾವಾಗ್ಲೂ ಜಾಹೀರಾತು ಇರ್ತದಲ್ವಾ, ನಾಲ್ಕು ಹಾಳೆ ತೆಗೆದೆ."

"ನೀವು ಓದಿರ್ಲಿಲ್ವಾ?"

"ನಾನಾ?" ಹಿಲ್ಡಾಬಾಯಿ ನಿರ್ಮಲವಾಗಿ ನಕ್ಕರು. "ನನಗೆಲ್ಲಿ ಪುರುಸೊತ್ತು? ನಿಮಗೆಲ್ಲ ತಿಂಡಿ ಮಾಡುವುದೇ ಆಗ್ತದೆ. ಆದ್ರೆ ನೀವು ಯಾರೂ ಏನೂ ಹೇಳ್ಲಿಲ್ಲ ನೋಡಿ, ಅದಕ್ಕೆ ಜಾಹೀರಾತೇ ಅಂತ ಗ್ರಹಿಸಿದೆ."

ಮಾಸ್ಟ್ರು ಜಲಜಾಕ್ಷಿಯನ್ನು ನೋಡಿದರು, ಜಲಜಾಕ್ಷಿ ನೆಲ ನೋಡಿದರು. ಗಂಟೆಯೂ ಅವರ ಸ್ವಂತದ್ದೇ! ಮರುಕ್ಷಣ ಮಹಾರಥಿಗಳಿಬ್ಬರೂ ಒಂದೇ ಮನಸ್ಸಿನಿಂದ ಮೇಜಿಗೆ ಬಾಗಿ, ಕೇಕಿನಡಿಯ ಕಾಗದಗಳನ್ನು ಸುಲಿದು, ತುಂಡಿಗೆ ತುಂಡು ಕೂಡಿಸತೊಡಗಿದರು. ಎಲ್ಲ ಸಿಕ್ಕಿತು. ಅತ್ತೆ ಅಳಲಿಲ್ಲ, ಸೊಸೆ ಬೀಳಲಿಲ್ಲ, ನಾಯಿಯೂ ಇಲ್ಲ, ಗಂಟೆಯೂ ಇಲ್ಲ. ಬಾಗಿಲಲ್ಲಿ ನಿಂತಿದ್ದವಳ ಹೆಸರಿದ್ದ ತುಂಡೊಂದು ಮಾತ್ರ ಕಾಣಲಿಲ್ಲ.

"ಶೆಟ್ಟಿಗಾರ್ರೆ! ನಿಮ್ಮ ತುಂಡು ಎಲ್ಲಿ?"

ಶೆಟ್ಟಿಗಾರರು ತುಟಿ ಒರೆಸಿಕೊಂಡರು. "ತಿಂದೆ. ಚೆನ್ನಾಗಿತ್ತು. ಅಡಿ ಸ್ವಲ್ಪ ಗಟ್ಟಿ ಇತ್ತು."

ಮಾಸ್ಟ್ರು ಛತ್ರಿ ತೆಗೆದುಕೊಂಡರು. ಶಾಸನ ಶಾಸನವೇ, ಬರೆದವನಿಗೆ ಬೇರೆ ಶಾಸನ ಇಲ್ಲ. ಮುಂದಿನ ಶನಿವಾರ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಏನು ಮಾಡುವುದೆಂದು ಯೋಚಿಸಿದಾಗ ಅವರಿಗೆ ನಿಜವಾಗಿ ದುಃಖವಾಯಿತು. "ನಾನು ಮುಗಿಸಿರ್ಲಿಲ್ಲ," ಎಂದರು, "ಹೊರಡ್ತೇನೆ."

"ಕೂತ್ಕೊಳ್ಳಿ ಮಾಸ್ಟ್ರೆ," ಜಲಜಾಕ್ಷಿ ಮೆಲ್ಲಗೆ ಹೇಳಿದರು. "ನಾನೂ ಮುಗಿಸಿಲ್ಲ. ನೀವು ಹೋದ್ರೆ ನಾನು ಜಗಳ ಮಾಡುವುದು ಯಾರ ಹತ್ರ?"

"ನಾನು ಮೂರನೇ ಪುಟದಲ್ಲೇ ಮಲಗಿದ್ದು," ಎಂದರು ಶೆಟ್ಟಿಗಾರರು, ಆ ವರ್ಷ ಮೊದಲ ಬಾರಿಗೆ ಎರಡೂ ಕಣ್ಣು ತೆರೆದು. "ಎಲ್ಲರೂ ಹೊರಗೆ ಹೋದ್ರೆ ಬಳಗ ಎಲ್ಲಿ ಉಳಿಯಿತು? ಕಪ್ಪು ತೊಳೆಯುವ, ಸಾಕು."

ಹೀಗೆ, ಎಲೈ ವಾಚಕ ಮಹಾಶಯರೇ, ಪ್ರಮೇಯ-ಪ್ರಹಾರ-ಪ್ರಚಂಡರು ಪಂಚೆ ಎತ್ತಿ ಕಟ್ಟಿ ಬಾವಿಕಟ್ಟೆಯಲ್ಲಿ ಕೂತು ಕಪ್ಪು ಉಜ್ಜಿದರು, ಮುದ್ರಾ-ಪ್ರಹರಣ-ನಿಪುಣೆ ನೀರು ಹೊಯ್ದರು, ನಿದ್ರಾ-ಸಮುದ್ರ-ಶಯನರು ಒರೆಸುವ ಬಟ್ಟೆ ಹಿಡಿದು ನಿಂತರು. ಒಳಗಿಂದ ಹಿಲ್ಡಾಬಾಯಿ, "ಮಾಸ್ಟ್ರೆ, ಆ ನೀಲಿ ಕಪ್ಪಿನ ಕಿವಿ ಸಡಿಲ ಉಂಟು, ಜಾಗ್ರತೆ!" ಎಂದು ಕೂಗಿದರು.

ಮಾಸ್ಟ್ರು ಜಾಗ್ರತೆಯಾಗಿಯೇ ಉಜ್ಜಿದರು. ಉಜ್ಜುತ್ತ, ತಲೆ ಎತ್ತದೆ, ಮೆಲ್ಲಗೆ ಹೇಳಿದರು:

"ಆದ್ರೂ ಅತ್ತೆಯೇ."

"ಸೊಸೆ," ಎಂದು ಜಲಜಾಕ್ಷಿ ಅವರ ಕೈಮೇಲೆ ತಣ್ಣೀರು ಹೊಯ್ದರು.