ಲೇಡೀಸ್ ಡಬ್ಬಾದಲ್ಲಿ ನನ್ನ ಕಾದಂಬರಿ

ನನ್ನ ಹೆಂಡತಿ ಜಯಲತಾಳ ಪ್ರಕಾರ ಡೊಂಬಿವಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಮೂವರಿಗೆ ಮಾತ್ರ ಜಾಗವಿದೆ: ಅವಳಿಗೆ, ಮಗಳು ಅನುಷ್ಕಾಳಿಗೆ ಮತ್ತು ವಾಷಿಂಗ್ ಮೆಷಿನ್ನಿಗೆ. ನಾನು ಹೇಗೋ ಹೊಂದಿಕೊಂಡು ಇರಬೇಕು. ಹೀಗಿರುವಾಗ ನನ್ನ ಪುಸ್ತಕಗಳ ಗತಿ ಏನಾಗಿರಬಹುದು, ನೀವೇ ಊಹಿಸಿ. ಕಪಾಟಿನಿಂದ ಗಡೀಪಾರಾದ ಆ ಜ್ಞಾನಭಂಡಾರವು ಮಂಚದ ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ, ಅಕ್ಕಿಯ ಡ್ರಮ್ಮಿನ ಹಿಂದೆ ಭೂಗತವಾಗಿ ಬಾಳುತ್ತಿತ್ತು.

ಆದರೂ ನಾನು ಪುಸ್ತಕ ಕೊಳ್ಳುವುದನ್ನು ಬಿಟ್ಟಿರಲಿಲ್ಲ. ಭಾನುವಾರ ಊಟವಾದ ಮೇಲೆ ಫ್ಯಾನಿನ ಕೆಳಗೆ ಚಾಪೆ ಹಾಸಿ, ಹೊಟ್ಟೆಯ ಮೇಲೆ ಹೊಸ ಪುಸ್ತಕವನ್ನು ನಿಲ್ಲಿಸಿಕೊಂಡು ಓದುವ ಸುಖವಿದೆಯಲ್ಲ (ನನ್ನ ಹೊಟ್ಟೆ ಅದಕ್ಕೆಂದೇ ಬೆಳೆದ ವ್ಯಾಸಪೀಠ), ಅದನ್ನು ಯಾವ ಮೊಬೈಲೂ ಕೊಡಲಾರದು. ನಿದ್ದೆ ಬಂದು ಕೈ ಸಡಿಲವಾದಾಗ ಮೊಬೈಲ್ ಬಿದ್ದರೆ ಮೂಗಿಗೆ ಪೆಟ್ಟು. ಪುಸ್ತಕ ಬಿದ್ದರೆ ಕಣ್ಣಿಗೆ ನೆರಳು.

ಹೊಸ ಪುಸ್ತಕ ತಂದಾಗಲೆಲ್ಲ ಅದನ್ನು ತರಕಾರಿ ಚೀಲದಲ್ಲಿ ಬಸಳೆಯ ಕೆಳಗೆ ಅಡಗಿಸಿ ಒಳಗೆ ಸಾಗಿಸುತ್ತಿದ್ದೆ. ಮೊದಲ ಪುಟದಲ್ಲಿ 'ರಘುಪತಿ' ಎಂದು ಬರೆದು ಇಪ್ಪತ್ತು ವರ್ಷ ಹಿಂದಿನ ತಾರೀಕು ಹಾಕುತ್ತಿದ್ದೆ. ಸಿಕ್ಕಿಬಿದ್ದರೆ ಹಳೆಯದೆಂದು ಸಾಧಿಸಬಹುದಲ್ಲ!

"ಇದು ಯಾವಾಗ ಬಂದದ್ದು?" ಒಂದು ದಿನ ಜಯಲತಾ ಡ್ರಮ್ಮಿನ ಹಿಂದಿನಿಂದ ದಪ್ಪನೆಯ ಪತ್ತೇದಾರಿ ಕಾದಂಬರಿಯೊಂದನ್ನು ಎಳೆದಳು.

"ಅದಾ? ಹಳೇದು ಮಾರಾಯ್ತಿ. ತಾರೀಕು ನೋಡು, ಎರಡು ಸಾವಿರದ ಮೂರು."

ಅವಳು ಪುಟ ತಿರುಗಿಸಿದಳು. "ಪ್ರಥಮ ಮುದ್ರಣ ಎರಡು ಸಾವಿರದ ಇಪ್ಪತ್ತನಾಲ್ಕು ಅಂತ ಉಂಟು. ಅವರು ಬರೆಯುವ ಮೊದಲೇ ನೀವು ತಂದದ್ದಾ?"

ನಾನು ಫ್ಯಾನಿನ ರೆಕ್ಕೆಗಳನ್ನು ಎಣಿಸತೊಡಗಿದೆ.

"ಇನ್ನೊಂದು ಪುಸ್ತಕ ಈ ಮನೆಗೆ ಬಂದರೆ ಇದ್ದದ್ದೆಲ್ಲ ರದ್ದಿಗೆ. ಮತ್ತೆ ಹೇಳ್ಲಿಲ್ಲ ಅಂತ ಬೇಡ!"

ಇದಾಗಿ ಒಂದು ತಿಂಗಳಲ್ಲಿ ನನ್ನ ಪುಸ್ತಕಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಮೊದಲು ಒಂದು ಕಥಾಸಂಕಲನ, ಆಮೇಲೆ ಎರಡು ಪ್ರವಾಸಕಥನ. ಕೇಳಿದರೆ ಉಳಿದವಕ್ಕೂ ಗಂಡಾಂತರವೆಂದು ಅವನ್ನು ಡ್ರಮ್ಮಿನ ಹಿಂದೆ ಇನ್ನಷ್ಟು ಆಳಕ್ಕೆ ತಳ್ಳಿದೆ. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಆ ಪತ್ತೇದಾರಿ ಕಾದಂಬರಿಯೂ ಇಲ್ಲ! ಇನ್ನು ಮೂವತ್ತೇ ಪುಟ ಬಾಕಿಯಿತ್ತು. ಕೊಲೆಯಾಗಿತ್ತು, ಇನ್ಸ್‌ಪೆಕ್ಟರ್ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿದ್ದ, "ಕೊಲೆಗಾರ ನಮ್ಮ ನಡುವೆಯೇ ಇದ್ದಾನೆ" ಎಂದೂ ಹೇಳಿಬಿಟ್ಟಿದ್ದ. ಅಷ್ಟರಲ್ಲೇ ನಾನು ಪುಟಕ್ಕೆ ಗುರುತಿಟ್ಟು ಮಲಗಿದ್ದೆ.

ಈಚೆಗೆ ಯಾಕೋ ಬೇಗನೇ ಮನೆ ಬಿಡುತ್ತಿದ್ದ ಜಯಲತಾ ಆಗಲೇ ಠಾಣೆ ಊರಿನಲ್ಲಿರುವ ತನ್ನ ಆಫೀಸಿಗೆ ಹೊರಟಾಗಿತ್ತು. ನಾನು ಮಂಚದ ಪೆಟ್ಟಿಗೆಗೆ ತಲೆ ಹಾಕಿದೆ, ಅಟ್ಟ ಹತ್ತಿದೆ, ಅಕ್ಕಿಯ ಡ್ರಮ್ಮಿಗೂ ಕೈ ಹಾಕಿ ಕಲಕಿದೆ.

"ಪಪ್ಪಾ, ರದ್ದಿ ಮೇ ಗಯಾ ಹೋಗಾ," ಎಂದಳು ಅನುಷ್ಕಾ, ಮೊಬೈಲಿನಿಂದ ಕಣ್ಣೆತ್ತದೆ.

ಸ್ಟೇಷನ್ ದಾರಿಯಲ್ಲಿರುವ ರದ್ದಿ ಅಂಗಡಿಗೆ ಓಡಿದೆ. ಅಂಗಡಿಯವನು ಮರಾಠಿಯಲ್ಲಿ, "ಕಾನಡಿ ಪುಸ್ತಕ? ವರ್ಷದಿಂದ ಒಂದೂ ಬಂದಿಲ್ಲ, ಕಾಕಾ" ಎಂದ. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ನನ್ನ ಏಳು ನಲವತ್ತರ ಲೋಕಲ್ ಹೋಗಿಯಾಗಿತ್ತು. ಪ್ಲಾಟ್‌ಫಾರ್ಮಿಗೆ ಬಂದರೆ ಎಂಟು ಹದಿನಾಲ್ಕರದ್ದು ನಿಂತಿದೆ. ಜೆಂಟ್ಸ್ ಡಬ್ಬಾದ ಕಡೆ ಓಡುತ್ತಿದ್ದವನು ಲೇಡೀಸ್ ಡಬ್ಬಾದ ಕಿಟಕಿಯ ಬಳಿ ಗಕ್ಕನೆ ನಿಂತೆ. ಕಿಟಕಿಯ ಪಕ್ಕ ಒಬ್ಬ ಹೆಂಗಸು ಓದುತ್ತ ಕೂತಿದ್ದಳು. ಅವಳ ಕೈಯಲ್ಲಿ ನನ್ನ ಕಾದಂಬರಿ! ರಕ್ಷಾಪುಟದ ಮೇಲೆ ನಾನೇ ಮಾಡಿದ ಚಹಾ ಲೋಟದ ಕಲೆ, ಸಾಕ್ಷಾತ್!

"ಏ ಬಾಯಿ, ಮೇರಾ ಹೈ ವೋ!" ಎಂದು ಕಿಟಕಿಯ ಸರಳು ಹಿಡಿದು ಕಿರುಚಿದೆ.

ಆಕೆ ಪುಸ್ತಕವನ್ನು ಎದೆಗವಚಿಕೊಂಡು ಅಚ್ಚ ಧಾರವಾಡದ ಕಡೆಯ ಕನ್ನಡದಲ್ಲಿ, "ಜಯಕ್ಕಾ, ಯಾರೋ ಹುಚ್ಚ ಬಂದಾನ್ರಿ!" ಎಂದು ಕೂಗಿದಳು.

ಒಳಗಿನಿಂದ ಜಯಕ್ಕನ ತಲೆ ಕಂಡಿತು. ಆ ತಲೆ ನನ್ನ ಹೆಂಡತಿಯದು. ಅವಳ ಆಚೀಚೆ ಕೂತ ನಾಲ್ಕೈದು ಹೆಂಗಸರ ಕೈಯಲ್ಲೂ ನನ್ನವೇ ಪುಸ್ತಕಗಳು.

"ಅಯ್ಯೋ ದೇವರೇ, ಇವರು ನಮ್ಮವರು!" ಎಂದಳು ಜಯಲತಾ. ಅಷ್ಟರಲ್ಲಿ ನನ್ನ ಕಾಲರಿಗೆ ರೈಲ್ವೆ ಪೊಲೀಸಿನವನ ಕೈ ಬಿತ್ತು, ರೈಲೂ ಹೊರಟಿತು. "ಸಂಜೆ ಮಾತಾಡುವ!" ಎಂಬ ಅವಳ ಮಾತು ರೈಲಿನ ಜೊತೆಗೇ ದೂರವಾಯಿತು.

"ಲೇಡೀಸ್ ಡಬ್ಬೇ ಮೇ ಕ್ಯಾ ಕಾಮ್?" ಪೊಲೀಸಿನವನು ಗದರಿಸಿದ.

"ನನ್ನ ಬುಕ್ ಹೋಯಿತು," ಎಂದು ಹರಕು ಹಿಂದಿಯಲ್ಲಿ ಗೋಳಾಡಿದೆ.

"ಕೌನ್ ಸಾ? ಚೆಕ್‌ಬುಕ್? ಪಾಸ್‌ಬುಕ್?"

"ಕಾದಂಬರಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕಾಲರ್ ಬಿಟ್ಟು, ಅದನ್ನು ತಾನೇ ಸರಿಮಾಡಿ, ಬೆಂಚಿನ ಮೇಲೆ ಕೂರಿಸಿ ನೀರು ಕುಡಿಸಿದ. ಅಂಥ ಕರುಣೆಯನ್ನು ನಾನು ಮದುವೆಯ ದಿನ ಮಾವನ ಕಣ್ಣಲ್ಲಿ ಮಾತ್ರ ಕಂಡಿದ್ದೆ.

ಸಂಜೆ ಬಾಗಿಲಲ್ಲೇ ಯುದ್ಧ ಆರಂಭಿಸಿದೆ. "ನನಗೆ ಪುಸ್ತಕ ತರಬಾರದು ಅಂತ ಕಾನೂನು. ನೀನು ಊರಿಗೆಲ್ಲ ದಾನ ಮಾಡುವುದಾ?"

"ದಾನ ಅಲ್ಲ ಮಾರಾಯ್ರೆ, ಲೈಬ್ರರಿ," ಎಂದು ಅವಳು ಚಪ್ಪಲಿ ಬಿಚ್ಚುತ್ತ ಹೇಳಿದಳು. "ಒಂದು ದಿನ ರದ್ದಿಗೆ ಹಾಕುವ ಅಂತಲೇ ಒಂದನ್ನು ಬ್ಯಾಗಿಗೆ ಹಾಕಿದ್ದು. ಟ್ರೇನಿನಲ್ಲಿ ಸುಮ್ಮನೆ ಬಿಡಿಸಿ ನೋಡಿದೆ. ಓದುತ್ತಾ ಓದುತ್ತಾ ಠಾಣೆ ಹೋದದ್ದೇ ಗೊತ್ತಾಗ್ಲಿಲ್ಲ, ಮುಂದಿನ ಸ್ಟೇಷನ್ ಮುಲುಂಡಿನಲ್ಲಿ ಇಳಿದೆ. ಮರುದಿನ ನಾಗವೇಣಿ ಕೇಳಿದಳು, ಆಮೇಲೆ ಜ್ಯೋತಿ ಕೇಳಿದಳು. ಈಗ ಹನ್ನೊಂದು ಜನ ಇದ್ದೇವೆ. ಮೊದಲು ಸೀಟಿಗೆ ಜಗಳ ಆಗ್ತಿತ್ತು, ಈಗ ಪುಸ್ತಕಕ್ಕೆ!"

ಅವಳು ನಗುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಪುಸ್ತಕದ ವಿಷಯ ಮಾತಾಡುತ್ತ ನಕ್ಕದ್ದು ಅದೇ ಮೊದಲು. ನನ್ನ ಸಿಟ್ಟು ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಮೆತ್ತಗಾಗಿ ಬಿದ್ದೇಹೋಯಿತು.

"ಆಗಲಿ, ಓದಿ," ಎಂದೆ ಉದಾರವಾಗಿ. "ನನ್ನ ಆ ಕಾದಂಬರಿ ಮಾತ್ರ ನಾಳೆ ತಾ. ಮೂವತ್ತೇ ಪುಟ ಬಾಕಿ."

ಜಯಲತಾ ಬ್ಯಾಗಿನಿಂದ ಚಿಕ್ಕ ನೋಟ್‌ಬುಕ್ ತೆಗೆದು ಬೆರಳು ಓಡಿಸಿದಳು. "ನಾಗವೇಣಿ ಆದ ಮೇಲೆ ಜ್ಯೋತಿ, ಆಮೇಲೆ ಆರು ಜನ, ಆಮೇಲೆ ನಾನು. ನಿಮ್ಮನ್ನು ಹತ್ತನೆಯವರಾಗಿ ಬರೀತೇನೆ."

"ಅದು ನನ್ನ ಪುಸ್ತಕ!"

"ನಿಯಮ ಎಲ್ಲರಿಗೂ ಒಂದೇ."

ಲಾಭವೂ ಆಗದೆ ಇರಲಿಲ್ಲ. ಸದಸ್ಯೆಯರ ಬೇಡಿಕೆಯ ಮೇರೆಗೆ ಹೊಸ ಪುಸ್ತಕಗಳ ಮೇಲಿನ ನಿಷೇಧ ರದ್ದಾಯಿತು. ಮುಂದಿನ ಶನಿವಾರವೇ ನಾಲ್ಕು ಹೊಸ ಕಾದಂಬರಿ ಕೊಂಡು, ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನಿಂದ ಎದೆಯುಬ್ಬಿಸಿಕೊಂಡು ಒಳಬಂದೆ. ಜಯಲತಾ ನಾಲ್ಕನ್ನೂ ಇಸಿದುಕೊಂಡು, ನನ್ನ ಮುಂದೆ ಕಂದು ಕಾಗದ, ಕತ್ತರಿ, ಗೋಂದು ಇಟ್ಟಳು. "ಬೈಂಡ್ ಹಾಕಿ ಕೊಡಿ. ಸೋಮವಾರ ಹೋಗಬೇಕು."

ಈಗ ಪ್ರತಿ ಶನಿವಾರ ನನಗೆ ಇದೇ ಉದ್ಯೋಗ. ಹೊಸ ಕಾಗದದ ವಾಸನೆ ಮೂಗಿಗೆ ದಕ್ಕುತ್ತದೆ, ಮೊದಲ ಪುಟ ಕಣ್ಣಿಗೆ ದಕ್ಕುತ್ತದೆ, ಉಳಿದದ್ದು ಎಂಟು ಹದಿನಾಲ್ಕಕ್ಕೆ. ಆದರೆ ಸುಳ್ಳು ಹೇಳಬಾರದು, ನಾನು ಸುಖವಾಗಿದ್ದೇನೆ. ಯಾಕೆಂದರೆ ಪ್ರತಿ ಸಂಜೆ ಬಾಲ್ಕನಿಯಲ್ಲಿ ನಾವಿಬ್ಬರೂ ಚಹಾ ಹಿಡಿದು ಕೂರುತ್ತೇವೆ, ಬೆಳಿಗ್ಗೆ ಓದಿದ್ದನ್ನೆಲ್ಲ ಅವಳು ಕಣ್ಣರಳಿಸಿ ಹೇಳುತ್ತಾಳೆ. ನಿನ್ನೆಯೂ ಹೇಳಿದಳು. ನಾಯಕಿ ಏಣಿ ಹತ್ತಿದಳಂತೆ, ಅಟ್ಟದ ಬೀಗ ಒಡೆದಳಂತೆ, ಟಾರ್ಚು ಹಾಕಿದಳಂತೆ, ಮೂಲೆಯಲ್ಲಿ ಏನೋ ಅಲುಗಾಡಿತಂತೆ.

"ಆಮೇಲೆ? ಆಮೇಲೆ ಏನಾಯ್ತು?" ಎಂದು ನಾನು ಕುರ್ಚಿಯ ತುದಿಗೆ ಬಂದೆ.

ಜಯಲತಾ ಲೋಟ ಎತ್ತಿಕೊಂಡು ಎದ್ದಳು.

"ಠಾಣೆ ಬಂತು."