ಜೋಶಿಯ ನರಕೋಶ, ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ನನ್ನ ಸ್ವಭಾವದಲ್ಲೇ ಇಲ್ಲವೆಂದು ಮೂವತ್ತು ವರ್ಷ ನಂಬಿಕೊಂಡಿದ್ದೆ. ಆಮೇಲೆ ಪುಣೆಯ ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜಿಗೆ ಸೊಲ್ಲಾಪುರದ ಜೋಶಿ ಬಂದ. ಎಂಬತ್ತರ ದಶಕದ ಮಾತು. ಕೋಳಿಮರಿಯ ನರಕೋಶಕ್ಕೆ ಕೂದಲಿಗಿಂತ ಸಣ್ಣ ಗಾಜಿನ ಸೂಜಿ ತಾಗಿಸಿ, ಒಳಗೆ ನುಗ್ಗುವ ಕ್ಯಾಲ್ಸಿಯಂನ ವಿದ್ಯುತ್ತನ್ನು ಅಳೆಯುವುದು ನಮ್ಮಿಬ್ಬರ ಕೆಲಸ. ನಾರ್‌ಅಡ್ರಿನಲಿನ್ ಎಂಬ ಔಷಧ ಹಾಕಿದರೆ ಅದು ಇಳಿಯಬೇಕು. ಜೋಶಿಯ ಕೋಶದಲ್ಲಿ ಅರ್ಧಕ್ಕರ್ಧ ಇಳಿಯುತ್ತಿತ್ತು. ನನ್ನದು ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ದೀಪಾವಳಿಯೊಳಗೆ ಫಲಿತಾಂಶ ಬರದಿದ್ದರೆ ವಿಷಯವನ್ನೇ ಬದಲಿಸಿ ಎಂದು ಪಿಎಚ್.ಡಿ. ಗೈಡ್ ಹೇಳಿಬಿಟ್ಟಿದ್ದರು. ಮೂರು ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು.

ಇದೇ ಹೊತ್ತಿಗೆ ನನ್ನ ಹೆಂಡತಿ ಶಾಂತಾ ಅವನನ್ನು ಸದಾಶಿವ ಪೇಠದ ನಮ್ಮ ಮನೆಗೆ ಊಟಕ್ಕೆ ಕರೆದಳು. "ಅಲ್ರಿ, ನಮ್ಮವರು ದಿನಾ ಅಲ್ಲಿ ಮಾಡೋದಾದ್ರೂ ಏನ್ರಿ?" ಎಂದು ಕೇಳಿದಳು. ಜೋಶಿ ರೊಟ್ಟಿ ಮುರಿಯುತ್ತ ಹೇಳಿದ: "ವೈನಿ, ನರಕೋಶದಾಗ ಕ್ಯಾಲ್ಸಿಯಂ ಬರೋ ಬಾಗ್ಲ ಇರ್ತಾವ. ಔಷಧ ಆ ಬಾಗ್ಲ ಮುಟ್ಟಂಗಿಲ್ರಿ. ಕೋಶದ ಹೊರಮೈಯಾಗ ಗ್ರಾಹಕ ಅಂತ ಒಂದು ಕರೆಗಂಟಿ ಇದ್ದಂಗ ಇರ್ತದ, ಅದಕ್ಕ ಹತ್ತತದ. ಅದು ಒಳಗಿನ ಪ್ರೋಟೀನಿಗೆ ಹೇಳ್ತದ, ಪ್ರೋಟೀನು ಹೋಗಿ ಬಾಗ್ಲ ಬಿಗಿ ಮಾಡ್ತದ. ಕ್ಯಾಲ್ಸಿಯಂ ಕಡಿಮಿ ಬಂದ್ರ ಮುಂದಿನ ನರಕ್ಕ ಸುದ್ದಿನೂ ಕಡಿಮಿ ಹೋಗ್ತದ."

"ಇಷ್ಟ ಏನು! ಇವ್ರು ಒಂದಿನಾನೂ ಹಿಂಗ ಬಿಡಿಸಿ ಹೇಳ್ಲಿಲ್ಲ ನೋಡ್ರಿ" ಎಂದು ಶಾಂತಾ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನನ್ನ ತಟ್ಟೆಯೂ ಖಾಲಿಯೇ ಇತ್ತು.

ಜೋಶಿ ದಿನಾ ಬೆಳಿಗ್ಗೆ ಔಷಧವನ್ನು ಹೊಸದಾಗಿ ಕಲೆಸಿ, ಶೀಶೆಗೆ ಕರಿ ಕಾಗದ ಸುತ್ತಿ, ಮಂಜುಗಡ್ಡೆಯಲ್ಲಿ ಹುಗಿದಿಡುತ್ತಿದ್ದ. ಎಲ್ಲ ತೋರಿಕೆ ಎಂದುಕೊಂಡಿದ್ದೆ. "ನಂದಽ ತಗೊಳ್ರಿ ದೇಸಾಯರ" ಎಂದರೆ ಬೇಡವೆನ್ನುತ್ತಿದ್ದೆ. ನಾನು ಶನಿವಾರ ಸಂಜೆ ಕಲೆಸಿ ಕಿಟಕಿಯಲ್ಲಿಟ್ಟದ್ದನ್ನು ಸೋಮವಾರದಿಂದ ವಾರವಿಡೀ ಬಳಸುವವನು. ಸೋಮವಾರದ ಹೊತ್ತಿಗೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ನೋಡಲು ಚೆಂದವೇ ಇತ್ತು.

ಒಂದು ಮಧ್ಯಾಹ್ನ ಜೋಶಿ ದೌಂಡಿನ ಅಕ್ಕನ ಮನೆಗೆಂದು ರೈಲು ಹಿಡಿದ. ನಾನು ಬಾಗಿಲತ್ತ ಕಣ್ಣಿಟ್ಟು ಅವನ ಶೀಶೆಯಿಂದ ನಾಲ್ಕು ಹನಿ ಕದ್ದು ನನ್ನ ಕೋಶಕ್ಕೆ ಹಾಕಿದೆ. ವಿದ್ಯುತ್ತು ಅರ್ಧಕ್ಕಿಳಿಯಿತು. ತೊಳೆದೆ, ಮತ್ತೆ ಏರಿತು. ಕೋಶ ಸರಿಯಿತ್ತು, ಗ್ರಾಹಕ ಸರಿಯಿತ್ತು. ತಿಂಗಳುಗಟ್ಟಲೆ ನಾನೇ ಅವಕ್ಕೆ ಕಿಟಕಿಯ ಬೆಳಕಿಗೆ ಗುಲಾಬಿಯಾಗಿ ಕೆಟ್ಟುಹೋದ ಔಷಧ ಸುರಿದಿದ್ದೆ. ಸತ್ಯ ಹೇಳುತ್ತೇನೆ, ಮೊದಲು ಬಂದದ್ದು ಸಂತೋಷವಲ್ಲ, ಇದೂ ಅವನದೇ ಆಯಿತಲ್ಲ ಎಂಬ ಸಂಕಟ.

ಅವನು ಮರಳಿದ ದಿನ ಕಳವು ಒಪ್ಪಿಕೊಂಡೆ. ಬೈದಿದ್ದರೆ ಹಗುರಾಗುತ್ತಿದ್ದೆ. ಆ ಪುಣ್ಯಾತ್ಮ ನನ್ನನ್ನು ಅಪ್ಪಿಕೊಂಡು, "ದೇಸಾಯರ ರಿಸಲ್ಟ್ ಬಂತ್ರಿ ಸರ್!" ಎಂದು ಗೈಡ್ ಕೋಣೆಗೆ ಓಡಿದ.

ಮನೆಗೆ ಬಂದು ಎಲ್ಲವನ್ನೂ ಮುಚ್ಚಿಡದೆ ಹೇಳಿದೆ. ಶಾಂತಾ ಕಣ್ಣೊರೆಸಿಕೊಂಡು ಅಂದಳು: "ಎಷ್ಟ್ ದೊಡ್ಡ ಮನಸ್ರಿ ಜೋಶಿಯವ್ರದು!"